ಓದುಗರ ಪ್ರಶ್ನೆ: 1980ರ ದಶಕದ ಆ ಕರಾಟೆ ಚಿತ್ರಗಳ ನಾಯಕರಿಗೆ ನಿಜವಾಗಿ ಹೊಡೆದಾಡಲು ಬರುತ್ತಿತ್ತೇ?

ಕೆಲವರಿಗೆ ಬರುತ್ತಿತ್ತು, ಕೆಲವರಿಗೆ ಬರುತ್ತಿರಲಿಲ್ಲ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರಶ್ನೆ ಮರಳಿ ಬರುತ್ತಲೇ ಇದೆ, ಏಕೆಂದರೆ ಅದರ ಹಿಂದೆ ಒಂದು ನಂಬಿಕೆ ಗಟ್ಟಿಯಾಗಿ ಬೇರುಬಿಟ್ಟಿದೆ: ರಿಂಗಿನಲ್ಲಿ ಗೆದ್ದವನು ತೆರೆಯ ಮೇಲೂ ಚೆನ್ನಾಗಿ ಹೊಡೆದಾಡುತ್ತಾನೆ, ಉಳಿದವರದು ಬರೀ ನಾಟಕ. ಈ ಸಲ ಆ ಬೇರನ್ನೇ ಕೀಳಬೇಕೆಂದು ಕುಳಿತಿದ್ದೇನೆ.

ರಿಂಗಿನ ಗುದ್ದಿನ ಗುಣವೇ ಕಾಣಿಸದಿರುವುದು. ಕೈ ಹೊರಡುವ ಸುಳಿವು ಎದುರಾಳಿಗೆ ಸಿಗಬಾರದು. ಅದು ಅತಿ ಚಿಕ್ಕ ದಾರಿಯಲ್ಲಿ ಹೋಗಿ, ತಾಗಿ, ತಕ್ಷಣ ಗಲ್ಲದ ಬಳಿಗೆ ಮರಳಬೇಕು. ಸಿನಿಮಾದಲ್ಲಿ ಇದೆಲ್ಲ ತಲೆಕೆಳಗು. ಗುದ್ದು ಎಲ್ಲಿಂದ ಹೊರಟಿತು, ಎಲ್ಲಿ ಬಿತ್ತು ಎಂಬುದು ಕೊನೆಯ ಸಾಲಿನಲ್ಲಿ ಕುಳಿತವನಿಗೂ ತಿಳಿಯಬೇಕು. ಅದಕ್ಕಾಗಿ ಭುಜವನ್ನು ಹಿಂದಕ್ಕೆಳೆದು, ಕೈಯನ್ನು ದೊಡ್ಡ ಕಮಾನಿನಂತೆ ಬೀಸಿ, ಏಟು ಮುಗಿದ ಮೇಲೂ ಅರೆಕ್ಷಣ ಹಾಗೆಯೇ ನಿಲ್ಲಬೇಕು. ಚಾಂಪಿಯನ್ ವರ್ಷಗಟ್ಟಲೆ ಬೆವರು ಸುರಿಸಿ ತನ್ನ ಮೈಯಿಂದ ಅಳಿಸಿಹಾಕಿದ್ದು ಇದೇ ಅಭ್ಯಾಸಗಳನ್ನು. ಸೆಟ್ಟಿಗೆ ಬಂದವನು ಅವನ್ನು ಮತ್ತೆ ಕಲಿಯಬೇಕು.

ನಂಬದವರು ಮೊಬೈಲಿನಲ್ಲಿ ಪರೀಕ್ಷಿಸಬಹುದು. ಗೆಳೆಯನನ್ನು ಎದುರು ನಿಲ್ಲಿಸಿಕೊಂಡು, ಅವನ ಬೆನ್ನ ಹಿಂದೆ ಭುಜದ ಎತ್ತರಕ್ಕೆ ಮೊಬೈಲ್ ಇಡಿ. ನಿಮ್ಮ ಮುಷ್ಟಿ ಅವನ ಮೂಗಿಗಿಂತ ಒಂದು ಅಡಿ ಮುಂದೆ ಅಡ್ಡಲಾಗಿ ಬೀಸಿ ಹೋಗಲಿ. ಅದೇ ಕ್ಷಣಕ್ಕೆ ಅವನು ಮುಷ್ಟಿ ಹೋದ ಕಡೆಗೆ ತಲೆ ತಿರುಗಿಸಲಿ. ಚಿತ್ರೀಕರಿಸಿದ್ದನ್ನು ನೋಡಿದರೆ ನಡುವಿನ ಆ ಒಂದು ಅಡಿ ಮಾಯವಾಗಿರುತ್ತದೆ. ಈಗ ಅವನು ತುಸು ತಡವಾಗಿ ತಲೆ ತಿರುಗಿಸಲಿ. ನೀವು ಎಂಥ ಶೂರರಾಗಿದ್ದರೂ ಗುದ್ದು ಸುಳ್ಳೆಂದು ಮಗುವಿಗೂ ತಿಳಿಯುತ್ತದೆ. ಏಟಿಗೆ ಜೀವ ಕೊಟ್ಟವನು ಏಟು ತಿಂದವನು. ಹಾಂಗ್‌ಕಾಂಗಿನ ಸಾಹಸ ಕಲಾವಿದರು ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಮೈಗೆ ಬೀಳುವ ಒದೆಗಳನ್ನು ಅವರು ಎಷ್ಟೋ ಸಲ ನಿಜವಾಗಿಯೇ ತಾಗಿಸಿಕೊಳ್ಳುತ್ತಿದ್ದರು. ಒದೆ ಬಿದ್ದಾಗ ಹೊಗೆಯಂತೆ ಏಳಲಿ ಎಂದು ಬಟ್ಟೆಗೆ ಪುಡಿ ಹಚ್ಚಿಕೊಳ್ಳುತ್ತಿದ್ದರು. ಅವರ ಹೆಸರು ಮಾತ್ರ ಯಾವ ಪೋಸ್ಟರಿನಲ್ಲೂ ಇರುತ್ತಿರಲಿಲ್ಲ.

ಇನ್ನು ಉದಾಹರಣೆಗೆ ಬರೋಣ. 1985ರ ಹಾಂಗ್‌ಕಾಂಗ್ ಚಿತ್ರ ‘ಯೆಸ್, ಮೇಡಂ’ ಒಂದೇ ಸಾಕು. ಅದರಲ್ಲಿ ಇಬ್ಬರು ನಾಯಕಿಯರು. ಸಿಂಥಿಯಾ ರಾಥ್‌ರಾಕ್ ಅಮೆರಿಕದ ಕರಾಟೆ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದ ಚಾಂಪಿಯನ್. ಮಿಶೆಲ್ ಯೋ ಬ್ಯಾಲೆ ನೃತ್ಯ ಕಲಿತವರು, ಸಮರಕಲೆಯ ತರಬೇತಿ ಪಡೆದವರಲ್ಲ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಹೊಡೆದಾಡುವಾಗ ಯಾರು ಚಾಂಪಿಯನ್, ಯಾರು ನರ್ತಕಿ ಎಂದು ಹೇಳಬಲ್ಲಿರಾ? ಬ್ಯಾಲೆ ಕಲಿತ ದೇಹಕ್ಕೆ ಎಣಿಕೆ ಗೊತ್ತು, ಸಮತೋಲ ಗೊತ್ತು, ನಡೆಗಳನ್ನು ಒಮ್ಮೆ ನೋಡಿ ನೆನಪಿಟ್ಟುಕೊಳ್ಳುವುದೂ ಗೊತ್ತು. ರಾಥ್‌ರಾಕ್ ಚಾಂಪಿಯನ್ ಆದದ್ದು ಕೂಡ ಎದುರಾಳಿಯನ್ನು ಕೆಡವಿ ಅಲ್ಲ. ಅವರ ವಿಭಾಗ ಕಟಾ, ಅಂದರೆ ಕರಾಟೆಯ ನಿಗದಿತ ನಡೆಗಳ ಪ್ರದರ್ಶನ, ಮತ್ತು ಆಯುಧ ಪ್ರದರ್ಶನ. ಒಬ್ಬರೇ ನಿಂತು, ಇಲ್ಲದ ಎದುರಾಳಿಯನ್ನು ಪ್ರೇಕ್ಷಕರಿಗೆ ಕಾಣುವಂತೆ ಮಾಡುವ ವಿದ್ಯೆ ಅದು. ಕ್ಯಾಮೆರಾಕ್ಕೆ ಬೇಕಾದದ್ದೂ ಅದೇ. ಜಾಕಿ ಚಾನ್ ಮತ್ತು ಸ್ಯಾಮೋ ಹಂಗ್ ಪಳಗಿದ್ದು ಯಾವ ರಿಂಗಿನಲ್ಲೂ ಅಲ್ಲ, ಚೀನಾದ ಸಾಂಪ್ರದಾಯಿಕ ಸಂಗೀತ ನಾಟಕವಾದ ಪೀಕಿಂಗ್ ಒಪೆರಾದ ಶಾಲೆಯಲ್ಲಿ. ಲಾಗ, ಹಾಡು, ಬಣ್ಣ, ಕತ್ತಿವರಸೆ ಎಲ್ಲವೂ ಅಲ್ಲಿ ಒಂದೇ ಪಾಠ.

ಇಷ್ಟು ಹೇಳಿದೊಡನೆ ಯಾರಾದರೂ ಬೆನ್ನಿ ಉರ್ಕಿಡೆಜ್ ಹೆಸರನ್ನು ಎತ್ತುತ್ತಾರೆ. ಒಳ್ಳೆಯ ಉದಾಹರಣೆ. ಉರ್ಕಿಡೆಜ್ ನಿಜವಾದ ಕಿಕ್‌ಬಾಕ್ಸಿಂಗ್ ಚಾಂಪಿಯನ್, ಮತ್ತು 1984ರ ‘ವೀಲ್ಸ್ ಆನ್ ಮೀಲ್ಸ್’ ಚಿತ್ರದಲ್ಲಿ ಜಾಕಿ ಚಾನ್ ಎದುರು ಅವರು ಮಾಡಿದ ಹೊಡೆದಾಟಕ್ಕೆ ಸಾಟಿಯಾದವು ಕೆಲವೇ. ಆದರೆ ಆ ಚಿತ್ರದ ನಿರ್ದೇಶಕರು ಸ್ಯಾಮೋ ಹಂಗ್. ಪ್ರತಿ ಒದೆಯ ಕೋನವನ್ನೂ ನಿರ್ಧರಿಸಿದ್ದು, ಸರಿಬರುವವರೆಗೆ ಟೇಕ್ ತೆಗೆದುಕೊಂಡದ್ದು ಅವರ ತಂಡ. ಅಂಥ ತಂಡವೂ ಸಮಯವೂ ಸಿಗದ ಚಾಂಪಿಯನ್ನರ ಚಿತ್ರಗಳನ್ನು ನೋಡಿ. ನಾಯಕ ವೇಗವಾಗಿ, ಚೊಕ್ಕವಾಗಿ ಒದೆಯುತ್ತಾನೆ. ನೋಡುವವನಿಗೆ ಏನೂ ತಾಗುವುದಿಲ್ಲ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಜಾಹೀರಾತಿನಲ್ಲಿ. ದೊಡ್ಡ ತಾರೆಯ ಸಂಭಾವನೆ ಕೊಡಲಾಗದ ನಿರ್ಮಾಪಕನಿಗೆ ಚಾಂಪಿಯನ್ ಸುಲಭವಾಗಿ ದಕ್ಕುತ್ತಾನೆ, ಅವನ ಬಿರುದು ಪುಕ್ಕಟೆಯಾಗಿ ಬರುತ್ತದೆ. ರೋಜರ್ ಕಾರ್ಮನ್ ನಿರ್ಮಿಸಿದ 1989ರ ‘ಬ್ಲಡ್‌ಫಿಸ್ಟ್’ ನೋಡಿ. ಕಿಕ್‌ಬಾಕ್ಸಿಂಗ್ ಚಾಂಪಿಯನ್ ಡಾನ್ ವಿಲ್ಸನ್ ನಾಯಕ. ಜೊತೆಗೆ ಬಿಲ್ಲಿ ಬ್ಲ್ಯಾಂಕ್ಸ್, ರಾಬ್ ಕಾಮನ್. ಹೆಸರಿನೊಂದಿಗೆ ಅವರು ಗೆದ್ದ ಪದವಿಗಳನ್ನೂ ತೆರೆಯ ಮೇಲೆ ತೋರಿಸಿದರು. ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ ಹೊದಿಕೆಯ ಮೇಲಿನ ಒಂದು ಬಿರುದು ಒಬ್ಬ ಗಿರಾಕಿಯನ್ನು ತರುತ್ತಿತ್ತು. ವಿಲ್ಸನ್ ಗೆಲುವು ಅಪ್ಪಟ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಗೆಲುವು ಹೊಡೆದಾಟ ಸಂಯೋಜಿಸುವ ಕಲೆಗೆ ಕೊಟ್ಟ ಪ್ರಮಾಣಪತ್ರವಲ್ಲ.

ಬಜೆಟ್ ಕಡಿಮೆಯಾದರೆ ಹೊಡೆದಾಟವೂ ಕಳಪೆ ಎಂಬ ಮಾತಿಗೆ ಎರಡೇ ಸಾಲು ಸಾಕು. ಇಂಡೊನೇಷ್ಯಾದ ‘ದ ರೇಡ್’ 2011ರಲ್ಲಿ ಸುಮಾರು 11 ಲಕ್ಷ ಡಾಲರಿನಲ್ಲಿ, ಹೆಚ್ಚುಕಡಿಮೆ ಒಂದೇ ಕಟ್ಟಡದೊಳಗೆ ಮುಗಿದ ಚಿತ್ರ. ಅಲ್ಲಿ ಖರ್ಚಾದದ್ದು ತಾಲೀಮಿನ ಸಮಯ.

ಯಾರೂ ಕೇಳದ ಇನ್ನೊಂದು ವಿಷಯ ಇಲ್ಲೇ ಹೇಳಬೇಕು: 1980ರ ದಶಕದ ಚಿತ್ರಗಳಲ್ಲಿ ಅಷ್ಟೊಂದು ನಿಂಜಾಗಳು, ಅಂದರೆ ಜಪಾನಿನ ಮುಸುಕುಧಾರಿ ಗೂಢಚಾರ ಯೋಧರು, ಏಕೆ? ಕತೆಗಿಂತ ಹೆಚ್ಚು ಕೆಲಸ ಮಾಡಿದ್ದು ಮುಸುಕು. ಮುಸುಕು ಹಾಕಿದ ಹತ್ತು ಜನ ನೂರು ಜನರಾಗುತ್ತಾರೆ. ಬೆಳಿಗ್ಗೆಯ ದೃಶ್ಯದಲ್ಲಿ ಸತ್ತವನು ಮಧ್ಯಾಹ್ನ ಗೋಡೆ ಹಾರುತ್ತಾನೆ. 1985ರ ‘ಅಮೆರಿಕನ್ ನಿಂಜಾ’ದ ನಾಯಕ ಮೈಕೆಲ್ ಡುಡಿಕಾಫ್ ಅದಕ್ಕೆ ಮುಂಚೆ ಸಮರಕಲೆ ಕಲಿತವರೇ ಅಲ್ಲ, ಆದರೂ ಚಿತ್ರ ಓಡಿತು. ಹಾಂಗ್‌ಕಾಂಗಿನಲ್ಲಿ ನಿರ್ದೇಶಕ ಗಾಡ್‌ಫ್ರೀ ಹೋ ಇನ್ನೂ ಮುಂದೆ ಹೋದರು: ಬೇರೆ ಯಾವುದೋ ಏಷ್ಯನ್ ಚಿತ್ರದ ನಡುವೆ ನಿಂಜಾ ದೃಶ್ಯಗಳನ್ನು ತುರುಕಿ, ಮಾತನ್ನು ಹೊಸದಾಗಿ ಡಬ್ ಮಾಡಿ, ಹೊಸ ಚಿತ್ರವೆಂದು ಮಾರಿದರು. ನಟ ರಿಚರ್ಡ್ ಹ್ಯಾರಿಸನ್ ಒಪ್ಪಿಕೊಂಡದ್ದು ಕೆಲವೇ ಚಿತ್ರಗಳನ್ನು. ಅವರ ತುಣುಕುಗಳು ಅದಕ್ಕಿಂತ ಎಷ್ಟೋ ಹೆಚ್ಚು ಚಿತ್ರಗಳಲ್ಲಿ ಹಂಚಿಹೋದವು.

ಈ ಹುಚ್ಚಿಗೆ ಕಿಡಿ ಹೊತ್ತಿಸಿದ್ದು 1981ರ ‘ಎಂಟರ್ ದ ನಿಂಜಾ’. ಅದರ ಕತೆ ಬರೆದವರು ಅಮೆರಿಕದ ಕರಾಟೆ ಚಾಂಪಿಯನ್ ಮೈಕ್ ಸ್ಟೋನ್, ನಾಯಕರಾಗಬೇಕಿದ್ದವರೂ ಅವರೇ. ಕೊನೆಗೆ ನಾಯಕನ ಪಾತ್ರ ಇಟಲಿಯ ನಟ ಫ್ರಾಂಕೊ ನೀರೊಗೆ ಹೋಯಿತು. ಸ್ಟೋನ್ ಚಿತ್ರ ಬಿಟ್ಟು ಹೋಗಲಿಲ್ಲ. ಹೊಡೆದಾಟಗಳನ್ನು ಸಂಯೋಜಿಸಿದರು, ನೀರೊಗೆ ಡೂಪ್ ಆದರು. ಮುಂದಿನ ಸಲ ಆ ಚಿತ್ರ ನೋಡುವಾಗ ಬಿಳಿ ಮುಸುಕಿನ ನಿಂಜಾನನ್ನು ಗಮನಿಸಿ: ಮುಸುಕು ತೆಗೆದಾಗ ಮೀಸೆ ನೀರೊನದು, ಹಾಕಿಕೊಂಡು ಕಾಲೆತ್ತಿದಾಗ ಆ ಕಾಲು ಸ್ಟೋನ್ ಅವರದು.