ರೇಸ್ ಕಾರಿನಲ್ಲಿ 2 ಕೆಜಿ ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಸಾಲದಾ?

ಪ್ರಶ್ನೆ: ಹಳೇ ಮಾರುತಿ ಎಸ್ಟೀಮ್ ಕಾರೊಂದನ್ನು ರ‍್ಯಾಲಿಗೆ ರೆಡಿ ಮಾಡುತ್ತಿದ್ದೇನೆ. ಸೀಟಿನ ಹಿಂದೆ 2 ಕೆಜಿ ಪೌಡರ್ ಸಿಲಿಂಡರ್ ಇದೆ. ಅದು ಸಾಲದಾ? ಪೈಪ್ ಎಳೆದು ಕೂರಿಸುವ ಸಿಸ್ಟಮ್ಮೇ ಬೇಕಾ? ಬೇಕಾದರೆ ಫೋಮಾ, ಗ್ಯಾಸಾ?
– ಮಂಡ್ಯದ ಓದುಗರು

ಇವತ್ತು ಸಂಜೆ ಒಂದು ಕೆಲಸ ಮಾಡಿ. ಹೆಲ್ಮೆಟ್, ಗ್ಲೌಸ್ ಹಾಕಿಕೊಂಡು ಕಾರಲ್ಲಿ ಕೂತು, ರೇಸಿನ ದಿನ ಬಿಗಿಯುವ ಹಾಗೇ ಬೆಲ್ಟ್ ಬಿಗಿಯಿರಿ. ಕಣ್ಣು ಮುಚ್ಚಿ. ಈಗ ಆ ಸಿಲಿಂಡರ್ ಮುಟ್ಟಿ ನೋಡಿ. ಆಗಲ್ಲ, ಅಲ್ವಾ?

ಕೈಯಲ್ಲಿ ಹಿಡಿಯುವ ಸಿಲಿಂಡರ್ ಕಾರಿನಿಂದ ಆಚೆ ಬಂದವರಿಗೆ. ಪೈಪ್ ಎಳೆದ ಸಿಸ್ಟಮ್, ಅಂದರೆ ಬಾಟಲಿನಿಂದ ಪೈಪು, ನಾಝಲ್ ಮೂಲಕ ಎಂಜಿನ್ ಕಡೆಗೂ ಕಾರಿನೊಳಗೂ ಚಿಮ್ಮುವಂಥದ್ದು, ಒಳಗೆ ಸಿಕ್ಕಿಕೊಂಡವರಿಗೆ. ಎರಡೂ ಬೇಕು. 2020ರಲ್ಲಿ ಬಹರೇನ್‌ನಲ್ಲಿ ಡ್ರೈವರ್ ರೊಮೇನ್ ಗ್ರೋಜಾನ್ ಅಪಘಾತದ ಬೆಂಕಿಯೊಳಗಿಂದ ಎದ್ದು ಬರಲು ಸುಮಾರು 28 ಸೆಕೆಂಡು ಹಿಡಿಯಿತು. ಅದು ಫಾರ್ಮುಲಾ ಒನ್. ಮೊದಲ ಲ್ಯಾಪ್ ಆಗಿದ್ದರಿಂದ ಡಾಕ್ಟರ್ ಇದ್ದ ಕಾರು ಬೆನ್ನ ಹಿಂದೆಯೇ ಇತ್ತು. ಮೈಸೂರಿನ ಮೈದಾನದ ಮಣ್ಣಿನ ಟ್ರ್ಯಾಕಿನಲ್ಲಾದರೆ ಟ್ರ್ಯಾಕ್ ಕಾಯುವ ಮಾರ್ಷಲ್ ಕಣ್ಣಿಗೆ ಕಾಣುತ್ತಾರೆ. ಕಾಫಿ ತೋಟದ ನಡುವಿನ ಸ್ಟೇಜಿನಲ್ಲಿ, ಅಂದರೆ ಟೈಮ್ ಹಾಕಿ ಓಡಿಸುವ ರಸ್ತೆಯಲ್ಲಿ, ಯಾರಿರುತ್ತಾರೆ? ಈ ಸಿಸ್ಟಮ್ ಬೆಂಕಿಯನ್ನು ಪೂರ್ತಿ ಆರಿಸುತ್ತದೆ ಅಂತ ನಂಬಬೇಡಿ. ಬೆಲ್ಟ್ ಬಿಚ್ಚಿ ಇಳಿಯುವಷ್ಟು ಹೊತ್ತು ಕೊಡುತ್ತದೆ, ಅಷ್ಟೆ. ಅಷ್ಟು ಸಿಕ್ಕರೆ ಜೀವ ಉಳಿಯುತ್ತದೆ.

ನಿಮ್ಮ ಕಾರಿಗೆ ನಾನು ಹೇಳುವುದು ಫೋಮ್. ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಅದು ಪೆಟ್ರೋಲ್ ಮೇಲೆ ಪದರ ಕಟ್ಟಿ ಗಾಳಿ ತಾಗದಂತೆ ಮಾಡುತ್ತದೆ. ಗ್ಯಾಸ್ ಸಿಸ್ಟಮ್ ಹಗುರ, ವೈರಿಂಗ್ ಹಾಳಾಗಲ್ಲ. ಆದರೆ ಗಾಜು ಒಡೆದು ಗಾಳಿ ನುಗ್ಗಿದರೆ ಗ್ಯಾಸ್ ನಿಲ್ಲುವುದಿಲ್ಲ. ಕೊಳ್ಳುವ ಮೊದಲು ರೀಫಿಲ್ ಎಲ್ಲಿ ಸಿಗುತ್ತದೆ ಅಂತಲೂ ಕೇಳಿ. ಪೌಡರನ್ನು ಮಾತ್ರ ಕಾರಿನೊಳಗೆ ಹಾರಿಸಬೇಡಿ. ಕಣ್ಣು ಕಾಣಲ್ಲ, ಉಸಿರಾಡಲು ಆಗಲ್ಲ. ಹಳೇ ಹ್ಯಾಲಾನ್ (ಹಿಂದೆ ಬೆಂಕಿ ಆರಿಸಲು ಬಳಸುತ್ತಿದ್ದ ಗ್ಯಾಸ್) ಬಾಟಲ್ ಅಗ್ಗಕ್ಕೆ ಸಿಕ್ಕರೂ ಬೇಡ, ಜಗತ್ತಿನ ಮೋಟಾರ್ ರೇಸಿಂಗ್ ಸಂಸ್ಥೆಯಾದ ಎಫ್‌ಐಎ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಬಾಟಲ್ ಮೇಲೆ ಎಫ್‌ಐಎ 8865-2015 ಸ್ಟಿಕ್ಕರ್ ಇದೆಯಾ ನೋಡಿ. ನಿಮ್ಮ ಕ್ಲಾಸಿಗೆ ಏನು ಕಡ್ಡಾಯ ಅನ್ನುವುದು ಭಾರತದ ಮೋಟಾರ್ ಸ್ಪೋರ್ಟ್ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ನಿಯಮದಲ್ಲಿರುತ್ತದೆ.

ಇನ್ನು ಕೂರಿಸುವ ಕೆಲಸ. ಜಾಸ್ತಿ ತಪ್ಪಾಗುವುದು ಇಲ್ಲೇ. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಗೆಳೆಯನ ಕಾರು ನೋಡಲು ಹೋಗಿದ್ದೆ. ಬಾಟಲ್ ಹೊಳೆಯುತ್ತಿತ್ತು. ಬ್ರಾಕೆಟ್ ಹಿಡಿದು ಸುಮ್ನೆ ಒಮ್ಮೆ ಎಳೆದೆ, ತಗಡಿನ ಸ್ಕ್ರೂ ಸಮೇತ ಕೈಗೆ ಬಂತು! ಬಾಟಲ್ ಹಿಡಿದಿರುವ ಬ್ರಾಕೆಟ್ 25 ಜಿ (ತೂಕದ 25 ಪಟ್ಟು) ಹೊಡೆತ ತಡೆಯಬೇಕು ಅನ್ನುತ್ತದೆ ಎಫ್‌ಐಎ ನಿಯಮ. ಅಂದರೆ 4 ಕೆಜಿ ಬಾಟಲ್ ಡಿಕ್ಕಿಯಾದ ಕ್ಷಣದಲ್ಲಿ ಒಂದು ಕ್ವಿಂಟಾಲ್ ತೂಕದಷ್ಟು ಬಲದಿಂದ ಎಳೆಯುತ್ತದೆ. ಫ್ಲೋರಿನ ಕೆಳಗಡೆ ಅಗಲವಾದ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿಸಿ. ಪಟ್ಟಿ ಲೋಹದ್ದೇ ಇರಲಿ. ಬಾಟಲನ್ನು ನಿಲ್ಲಿಸಬೇಕಾ, ಮಲಗಿಸಬೇಕಾ ಅನ್ನುವುದನ್ನು ಕಂಪನಿ ಹೇಳಿದಂತೆಯೇ ಮಾಡಿ. ತಪ್ಪಿದರೆ ಅರ್ಧ ಫೋಮ್ ಒಳಗೇ ಉಳಿಯಬಹುದು.

ಎಂಜಿನ್ ಕಡೆಯ ನಾಝಲ್ ಪೆಟ್ರೋಲ್ ಪೈಪು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ನೋಡಲಿ. ಒಳಗಿನವು ಕಾಲು, ತೊಡೆಯ ಕಡೆ ಇರಲಿ, ಮುಖಕ್ಕೆ ಬೇಡ. ಎಳೆಯುವ ಕೇಬಲ್ ಎರಡು ಬೇಕು. ಒಂದು ನಿಮ್ಮ ಮತ್ತು ಕೋ-ಡ್ರೈವರ್ ಇಬ್ಬರ ಕೈಗೂ ಸಿಗುವಂತೆ, ಇನ್ನೊಂದು ಹೊರಗೆ ಮುಂದಿನ ಗಾಜಿನ ಬುಡದಲ್ಲಿ. ಹೊರಗಿನದರ ಪಕ್ಕ ಬಿಳಿ ವೃತ್ತದೊಳಗೆ ಕೆಂಪು 'ಇ' ಗುರುತು ಇರಬೇಕು. ಕೇಬಲ್ ಎಲ್ಲೂ ಚೂಪಾಗಿ ಮಡಚಬಾರದು. ಕಾರಿನ ಕರೆಂಟ್ ಪೂರ್ತಿ ಕಡಿಯುವ ಕಿಲ್ ಸ್ವಿಚ್ ಕೂಡ ಪಕ್ಕದಲ್ಲೇ ಇರಲಿ. ಪೆಟ್ರೋಲ್ ಪಂಪ್ ಓಡುತ್ತಲೇ ಇದ್ದರೆ ಎಷ್ಟು ಫೋಮ್ ಹಾಕಿದರೂ ಬೆಂಕಿಗೆ ಊಟ ಸಿಗುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಸಿಸ್ಟಮ್ ಆದರೆ ಅದಕ್ಕೆ ಅದರದ್ದೇ ಬ್ಯಾಟರಿ ಬೇಕು. ಕಿಲ್ ಸ್ವಿಚ್ ಒತ್ತಿದ ಮೇಲೂ ಅದು ಕೆಲಸ ಮಾಡಬೇಕಲ್ಲ.

ಎರಡು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ. ಆಮೇಲೆ, ಸಿಸ್ಟಮ್ ಅಕಸ್ಮಾತ್ ಹಾರದಂತೆ ತಡೆಯುವ ಸೇಫ್ಟಿ ಪಿನ್. ಗ್ಯಾರೇಜಿನಲ್ಲಿ ಇರಲೇಬೇಕು, ಸ್ಟೇಜಿನಲ್ಲಿ ಇರಲೇಬಾರದು. ಅದಕ್ಕೆ ಉದ್ದನೆಯ ಕೆಂಪು ರಿಬ್ಬನ್ ಕಟ್ಟಿ. ಸ್ಟಾರ್ಟ್ ಲೈನಿಗೆ ಹೋಗುವ ಮುಂಚೆ ಕೋ-ಡ್ರೈವರ್ ಅದನ್ನು ಕಿತ್ತು ನಿಮ್ಮ ಕಣ್ಣೆದುರು ಹಿಡಿದು ತೋರಿಸಲಿ.