ಹಳೆಯ ನಿವಾಸಿಯ ಹೆಸರಿಗೆ ಹಣ ಕೊಡುವ ಮುನ್ನ

ಮಾರಾಟಕ್ಕಿರುವ ದುಬಾರಿ ಫ್ಲ್ಯಾಟಿನ ಕರಪತ್ರದ ಮೊದಲ ಸಾಲಿನಲ್ಲೇ ತೀರಿಹೋದ ಗಣ್ಯರೊಬ್ಬರ ಹೆಸರು ಕಂಡರೆ ನಾನು ನೇರವಾಗಿ ಕೊನೆಯ ಪುಟಕ್ಕೆ ಹೋಗುತ್ತೇನೆ. ನಿರ್ವಹಣಾ ಶುಲ್ಕ, ಬಾಕಿ ದುರಸ್ತಿ, ಸಂಘದ ಮೀಸಲು ನಿಧಿ ಎಲ್ಲವೂ ಅಲ್ಲಿ ಸಣ್ಣ ಅಕ್ಷರಗಳಲ್ಲಿ ಕುಳಿತಿರುತ್ತವೆ. ಮೌಲ್ಯಮಾಪನಕ್ಕೆಂದು ನನ್ನನ್ನು ಕರೆಯುವವರು ಮಾತ್ರ ಮೊದಲ ಸಾಲನ್ನು ದಾಟುವುದೇ ಇಲ್ಲ. “ಇಂಥವರು ಬಾಳಿದ ಮನೆ, ಒಂದಿಷ್ಟು ಹೆಚ್ಚು ಬೆಲೆ ಇರಲೇಬೇಕಲ್ಲವೇ?” ಇರುತ್ತದೆ, ನೀವು ಕೊಳ್ಳುವಾಗ. ನಾಳೆ ನೀವು ಮಾರುವಾಗಲೂ ಇರುತ್ತದೆಯೇ ಎಂದು ಕೇಳುವವರು ಅಪರೂಪ.

ಎಲ್ಲರೂ ನನ್ನ ಮುಂದಿಡುವ ಸಾಕ್ಷಿ ನ್ಯೂಯಾರ್ಕಿನ 1040 ಫಿಫ್ತ್ ಅವೆನ್ಯೂ ಎಂಬ ವಸತಿ ಕಟ್ಟಡ. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಪತ್ನಿ ಜಾಕ್ವೆಲಿನ್ ಕೆನಡಿ (ಜನರ ಬಾಯಲ್ಲಿ ಜಾಕಿ) 1964ರಲ್ಲಿ ಅಲ್ಲಿ ಫ್ಲ್ಯಾಟ್ ಕೊಂಡರು, 1994ರಲ್ಲಿ ತೀರಿಕೊಳ್ಳುವವರೆಗೂ ಅದು ಅವರ ಮನೆಯಾಗಿತ್ತು. ಮರುವರ್ಷ ಉದ್ಯಮಿ ಡೇವಿಡ್ ಕೋಕ್ ಅದನ್ನು ಸುಮಾರು 95 ಲಕ್ಷ ಡಾಲರಿಗೆ ಕೊಂಡರು. 2006ರಲ್ಲಿ ಅದು ಮತ್ತೆ ಕೈಬದಲಾದದ್ದು ಸುಮಾರು 3.2 ಕೋಟಿ ಡಾಲರಿಗೆ. “ನೋಡಿದಿರಾ ಹೆಸರಿನ ಮಹಿಮೆ!”

ನೋಡಿದೆ. ಆದರೆ ಆ ಅವಧಿಯಲ್ಲಿ ಮ್ಯಾನ್‌ಹಾಟನ್‌ನಲ್ಲಿ ಯಾವ ಹೆಸರೂ ಅಂಟಿಕೊಂಡಿರದ ಒಳ್ಳೆಯ ಫ್ಲ್ಯಾಟುಗಳ ಬೆಲೆಯೂ ಏರಿತ್ತು. ಏರಿಕೆಯಲ್ಲಿ ಮಾರುಕಟ್ಟೆಯದೆಷ್ಟು, ಎದುರಿನ ಸೆಂಟ್ರಲ್ ಪಾರ್ಕ್ ಉದ್ಯಾನದ ನೋಟದ್ದೆಷ್ಟು, ಜಾಕಿಯದೆಷ್ಟು? ಬಿಡಿಸಿ ನೋಡಲು ದಾರಿ ಒಂದೇ. ಅದೇ ಕಟ್ಟಡದಲ್ಲಿ, ಅದೇ ದಿಕ್ಕಿಗೆ ತೆರೆದ, ಅಷ್ಟೇ ಕೋಣೆಗಳ ಇನ್ನೊಂದು ಫ್ಲ್ಯಾಟ್ ಅದೇ ಕಾಲಕ್ಕೆ ಎಷ್ಟಕ್ಕೆ ಹೋಯಿತು ಎಂದು ಕೇಳಬೇಕು. ಮಹಡಿಯ ಎತ್ತರ, ಒಳಗಿನ ಸ್ಥಿತಿ ಇವುಗಳ ವ್ಯತ್ಯಾಸ ಕಳೆಯಬೇಕು. ಆಮೇಲೂ ಏನಾದರೂ ಉಳಿದರೆ ಅದು ಹೆಸರಿನ ಪಾಲು. ಈ ಲೆಕ್ಕ ಹಾಕದೆ ಹಳೆಯ ಬೆಲೆ ಮತ್ತು ಹೊಸ ಬೆಲೆಯನ್ನು ಅಕ್ಕಪಕ್ಕ ಇಟ್ಟು ಬೆರಗಾಗುವುದು ಮೌಲ್ಯಮಾಪನವಲ್ಲ. ಕೇಳಿದ ಬೆಲೆ ಬೇರೆ, ಕುದುರಿದ ಬೆಲೆ ಬೇರೆ ಎಂಬುದನ್ನೂ ಮರೆಯಬೇಡಿ. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಮೊದಲನೆಯದು.

ಹೀಗೆ ಲೆಕ್ಕ ಹಾಕಿದಾಗ ಉಳಿಯುವುದು, ನನ್ನ ಅನುಭವದ ಮಟ್ಟಿಗೆ, ಬಹಳ ಸಣ್ಣ ಮೊತ್ತ, ಕೆಲವೊಮ್ಮೆ ಸೊನ್ನೆ. ಹೆಸರು ಜನರನ್ನು ಬಾಗಿಲವರೆಗೆ ಕರೆತರುತ್ತದೆ, ಕೊಳ್ಳಲೊಲ್ಲದವರನ್ನೂ ಕರೆತರುತ್ತದೆ. ಸಹಿ ಹಾಕಿಸುವುದು ಬೇರೆಯೇ ಸಂಗತಿಗಳು. ಜಾಕಿಯನ್ನೇ ತೆಗೆದುಕೊಳ್ಳಿ. ಬಾಲ್ಯದಲ್ಲಿ ಅವರಿದ್ದದ್ದು 740 ಪಾರ್ಕ್ ಅವೆನ್ಯೂದಲ್ಲಿ, ತಾಯಿಯ ತಂದೆ ಜೇಮ್ಸ್ ಲೀ ಕಟ್ಟಿಸಿದ ಕಟ್ಟಡದಲ್ಲಿ. ಅಲ್ಲಿಯೂ ದಲ್ಲಾಳಿಗಳು ಅವರ ಹೆಸರನ್ನೇ ಜಪಿಸುತ್ತಾರೆ. ಎರಡೂ ಕಟ್ಟಡಗಳ ವಿನ್ಯಾಸ ರೊಸಾರಿಯೊ ಕ್ಯಾಂಡೆಲಾ ಎಂಬ ವಾಸ್ತುಶಿಲ್ಪಿಯದು ಎಂಬ ಮಾತು ಮೂರನೆಯ ಪುಟಕ್ಕೆ ಹೋಗಿರುತ್ತದೆ. ಎತ್ತರದ ಚಾವಣಿ, ಮಲಗುವ ಕೋಣೆಗಳನ್ನು ಅತಿಥಿಗಳ ಓಡಾಟದಿಂದ ದೂರವಿಟ್ಟ ಜಾಣ್ಮೆ, ಕೆಲಸದವರಿಗೆ ಪ್ರತ್ಯೇಕ ದಾರಿ. ಇವನ್ನು ಮುಂದಿನ ಗ್ರಾಹಕನೂ ಕಣ್ಣಾರೆ ಕಂಡು ಹಣ ಕೊಡುತ್ತಾನೆ. ಸೆಂಟ್ರಲ್ ಪಾರ್ಕಿನ ಜಲಾಶಯಕ್ಕೆ 1994ರಲ್ಲಿ ಜಾಕಿಯ ಹೆಸರನ್ನೇ ಇಟ್ಟರು. ಅದನ್ನು ನೋಡುವ ಕಿಟಕಿ ಆಸುಪಾಸಿನ ಎಷ್ಟೋ ಮನೆಗಳಿಗಿದೆ.

ಇನ್ನು, ಗಣ್ಯರು ಬಾಳಿದ ಮನೆ ಇದೇ ಹೌದೇ? 1920ರ ದಶಕದಲ್ಲಿ 1107 ಫಿಫ್ತ್ ಅವೆನ್ಯೂದ ತುದಿಯಲ್ಲಿ ಸಿರಿವಂತೆ ಮಾರ್ಜೋರಿ ಮೆರಿವೆದರ್ ಪೋಸ್ಟ್‌ಗೆಂದು 54 ಕೋಣೆಗಳ, ಮೂರು ಅಂತಸ್ತಿನ ಫ್ಲ್ಯಾಟ್ ಕಟ್ಟಲಾಯಿತು. 1950ರ ದಶಕದಲ್ಲಿ ಅದನ್ನು ಆರು ಮನೆಗಳಾಗಿ ಒಡೆದರು. ಆರರಲ್ಲಿ ಯಾವುದು ಆಕೆಯದು? ಅಡುಗೆಮನೆ ಸಿಕ್ಕವರೂ ಹೆಸರಿಗೆ ಹಕ್ಕು ಸಾಧಿಸಬಹುದೇನೋ! ಹಿರಿಯ ಸಂಗೀತಗಾರರೊಬ್ಬರು ಇದ್ದ ಮನೆಯೆಂದು ಒಬ್ಬರು ನನ್ನನ್ನು ಸಂಭ್ರಮದಿಂದ ಕರೆದೊಯ್ದಿದ್ದರು. ಹಳೆಯ ನಕ್ಷೆ ತರಿಸಿ ನೋಡಿದರೆ, ಕಲಾವಿದರು ಅಭ್ಯಾಸ ಮಾಡುತ್ತಿದ್ದ ಕೋಣೆ ಗೋಡೆಯ ಆಚೆಗೆ, ಪಕ್ಕದ ಫ್ಲ್ಯಾಟಿಗೆ ಸೇರಿತ್ತು. ಪಾಪ, ನನ್ನನ್ನು ಕರೆದೊಯ್ದವರ ಮುಖ ನೋಡಲಾಗಲಿಲ್ಲ. ಮನೆ ಮಾತ್ರ ಚೆನ್ನಾಗಿತ್ತು. ಬೆಲೆ ಇಳಿಸಿಕೊಂಡು ಕೊಂಡರು, ಸುಖವಾಗಿದ್ದಾರೆ.

ಗಣ್ಯರು ಇಲ್ಲಿದ್ದರು ಎಂದು ಸಾರುವ ಗೋಡೆಯ ಮೇಲಿನ ಫಲಕವನ್ನೂ ಜನ ಅತಿಯಾಗಿ ನಂಬುತ್ತಾರೆ. ಲಂಡನ್ನಿನ ನೀಲಿ ಫಲಕಗಳು ಸ್ವತಃ ಕಟ್ಟಡಕ್ಕೆ ಯಾವ ಕಾನೂನು ರಕ್ಷಣೆಯನ್ನೂ ಕೊಡುವುದಿಲ್ಲ. ವಾಸವಿದ್ದವರು ಒಡೆಯರೇ ಆಗಿರಬೇಕೆಂದೂ ಇಲ್ಲ: ಬ್ರೂಕ್ ಸ್ಟ್ರೀಟ್‌ನ 25ನೇ ಮನೆಯಲ್ಲಿ ಸಂಗೀತ ರಚನೆಕಾರ ಹ್ಯಾಂಡೆಲ್ 1723ರಿಂದ 1759ರಲ್ಲಿ ತೀರಿಕೊಳ್ಳುವವರೆಗೆ ಇದ್ದದ್ದು ಬಾಡಿಗೆದಾರನಾಗಿ. ಎರಡು ಶತಮಾನಗಳ ಬಳಿಕ ಪಕ್ಕದ 23ನೇ ಮನೆಯ ಮೇಲಂತಸ್ತಿಗೆ ಬಂದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕೂಡ ಬಾಡಿಗೆಯವರೇ. ಈ ಜೋಡಿ ಇಂದು ವಸ್ತುಸಂಗ್ರಹಾಲಯ. ಅಲ್ಲಿ ಹೆಸರಿಗೆ ನಿಜವಾದ ಬೆಲೆಯಿದೆ ಎಂದು ಒಪ್ಪುತ್ತೇನೆ. ಆದರೆ ನೀವು ಟಿಕೆಟ್ ಮಾರಲು ಮನೆ ಕೊಳ್ಳುತ್ತಿಲ್ಲವಷ್ಟೇ?

ನ್ಯೂಯಾರ್ಕಿನ ಇಂಥ ಹಳೆಯ ಕಟ್ಟಡಗಳಲ್ಲಿ ಬಹುಪಾಲು ಸಹಕಾರಿ ಪದ್ಧತಿಯವು. ಕೊಳ್ಳುವವರಿಗೆ ಸಿಗುವುದು ಕಟ್ಟಡದ ಒಡೆತನವಿರುವ ಸಂಸ್ಥೆಯ ಷೇರು ಮತ್ತು ವಾಸದ ಗುತ್ತಿಗೆ, ಅದೂ ಆ ಸಂಸ್ಥೆಯ ಆಡಳಿತ ಮಂಡಳಿ ಒಪ್ಪಿದರೆ. ಅಲ್ಲಿನ ತಮಾಷೆ ನೋಡಿ: ಹೋದವರ ಖ್ಯಾತಿಯಿಂದ ಕರಪತ್ರ ತುಂಬಿಸುತ್ತಾರೆ, ಬರುವವರ ಖ್ಯಾತಿಗೆ ಹೆದರುತ್ತಾರೆ. 1985ರಲ್ಲಿ ಸ್ಯಾನ್ ರೆಮೊ ಕಟ್ಟಡದ ಮಂಡಳಿ ಗಾಯಕಿ ಮಡೋನಾರ ಅರ್ಜಿಯನ್ನೇ ತಿರಸ್ಕರಿಸಿತು.

ಇಷ್ಟು ಹೇಳಿದ ಮೇಲೂ “ನನಗೆ ಆ ಹೆಸರು ಬೇಕೇ ಬೇಕು” ಎನ್ನುವವರಿದ್ದಾರೆ, ಅವರ ಮೇಲೆ ನನಗೆ ಮುನಿಸಿಲ್ಲ. ಆ ಹೆಚ್ಚುವರಿ ಹಣವನ್ನು ಸಾಲದಿಂದ ತರಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಬ್ಯಾಂಕಿನ ಮೌಲ್ಯಮಾಪಕನ ನಮೂನೆಯಲ್ಲಿ ವಿಸ್ತೀರ್ಣಕ್ಕೆ, ಮಹಡಿಗೆ, ಕಟ್ಟಡದ ವಯಸ್ಸಿಗೆ ಜಾಗವಿರುತ್ತದೆ. ಹಿಂದೆ ಯಾರು ಇದ್ದರು ಎಂಬುದಕ್ಕೆ ಅಂಕಣವಿದ್ದದ್ದನ್ನು ನಾನಂತೂ ಕಂಡಿಲ್ಲ.