ನುಚ್ಚಿನ ವ್ಯಾಪಾರಕ್ಕೆ ಗಡಿ ಸುದ್ದಿ ನೋಡಬೇಡಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ ಮಾಲೀಕರದ್ದು ಯಾವಾಗಲೂ ಒಂದೇ ಪ್ರಶ್ನೆ: 'ಚೀನಾ ಜೊತೆ ಸರಿ ಹೋಯ್ತಂತಲ್ರಿ, ನುಚ್ಚು ಹಿಡಿದಿಡಬಹುದಾ?' ಟಿವಿಯಲ್ಲಿ ನಾಯಕರು ಕೈ ಕುಲುಕಿದರೆ ದಾಸ್ತಾನು, ಗಡಿಯಲ್ಲಿ ಗಲಾಟೆಯಾದರೆ ಬಂದ ದರಕ್ಕೆ ಮಾರಾಟ. ಎರಡೂ ತಪ್ಪು ಲೆಕ್ಕ.

2018ರ ಜೂನ್‌ನಲ್ಲಿ ಬಾಸ್ಮತಿಯೇತರ ಅಕ್ಕಿಗೂ ಚೀನಾ ಒಪ್ಪಿಗೆ ಕೊಟ್ಟಿತು. ಹೇಳಿಕೊಳ್ಳುವಂಥ ವ್ಯಾಪಾರ ಆಗಲಿಲ್ಲ. 2020ರ ಜೂನ್‌ನಲ್ಲಿ ಗಡಿಯ ಗಾಲ್ವಾನ್ ಕಣಿವೆಯಲ್ಲಿ ಎರಡೂ ಸೇನೆಗಳ ನಡುವೆ ಘರ್ಷಣೆ ನಡೆಯಿತು. ಅದೇ ಡಿಸೆಂಬರ್‌ನಲ್ಲಿ ಚೀನಾ ನಮ್ಮ ನುಚ್ಚು ಕೊಳ್ಳಲು ಶುರು ಮಾಡಿತು, ಯಾಕೆಂದರೆ ಥಾಯ್ಲೆಂಡ್, ವಿಯೆಟ್ನಾಂ ಮಾಲಿಗಿಂತ ನಮ್ಮದು ಅಗ್ಗವಿತ್ತು. 2021–22ರಲ್ಲಿ ನಮ್ಮ ನುಚ್ಚಿಗೆ ಅದೇ ದೊಡ್ಡ ಗಿರಾಕಿ.

ಬಾಗಿಲು ಹಾಕಿದ್ದು ಬೀಜಿಂಗ್ ಅಲ್ಲ, ದೆಹಲಿ. ಕೋಳಿ ಆಹಾರಕ್ಕೂ ಎಥನಾಲ್‌ಗೂ ನುಚ್ಚು ತುಟ್ಟಿಯಾದಾಗ, 2022ರ ಸೆಪ್ಟೆಂಬರ್ 9ರಿಂದ ರಫ್ತು ನಿಂತಿತು. ಮತ್ತೆ ತೆರೆದದ್ದು 2025ರ ಮಾರ್ಚ್‌ನಲ್ಲಿ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇನ್ನೊಂದಿದೆ. 'ಎಲ್‌ಸಿ ಆಗಿದೆ, ನಮಗೇನೂ ಆಗಲ್ಲ' ಎನ್ನುತ್ತಾರೆ. ಎಲ್‌ಸಿ ಎಂದರೆ ಮಾಲಿನ ಹಣಕ್ಕೆ ಕೊಳ್ಳುವವರ ಬ್ಯಾಂಕ್ ಕೊಡುವ ಖಾತರಿ ಪತ್ರ. ವಿದೇಶಿ ವ್ಯಾಪಾರ ನೀತಿಯ 1.05ನೇ ಪ್ಯಾರಾ ಪ್ರಕಾರ, ನಿರ್ಬಂಧಕ್ಕೆ ಮೊದಲೇ ತೆರೆದ, ರದ್ದು ಮಾಡಲಾಗದ ಎಲ್‌ಸಿಯನ್ನು 15 ದಿನದೊಳಗೆ ನೋಂದಾಯಿಸಿದರೆ ಸಾಮಾನ್ಯವಾಗಿ ಮಾಲು ಕಳಿಸಬಹುದು, ನಿಜ. ಆದರೆ 2022ರ ನುಚ್ಚಿನ ಆದೇಶಕ್ಕೂ 2023ರ ಜುಲೈ 20ರ ಬಿಳಿ ಅಕ್ಕಿ ಆದೇಶಕ್ಕೂ ಆ ಪ್ಯಾರಾ ಅನ್ವಯಿಸುವುದಿಲ್ಲ ಎಂದು ಆದೇಶದಲ್ಲೇ ಬರೆದಿದ್ದರು. ನಿಷೇಧದಿಂದ ಪಾರಾದದ್ದು ಯಾವ ಮಾಲು? ಆದೇಶಕ್ಕೆ ಮುಂಚೆ ಹಡಗಿಗೆ ಏರಲು ಶುರುವಾಗಿದ್ದದ್ದು. ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಅರ್ಜಿ) ಸಲ್ಲಿಕೆಯಾಗಿ ಹಡಗು ಬಂದರಿಗೆ ಬಂದು ನಿಂತಿದ್ದದ್ದು. ಕಸ್ಟಮ್ಸ್ ಕೈಗೆ ಒಪ್ಪಿಸಿ ಅವರ ಕಂಪ್ಯೂಟರ್‌ನಲ್ಲಿ ದಾಖಲಾಗಿದ್ದದ್ದು. ಕಾರಟಗಿಯ ಗೋದಾಮಿನಲ್ಲಿದ್ದ ಚೀಲಕ್ಕೂ, ದಾರಿಯಲ್ಲಿದ್ದ ಲಾರಿಗೂ ರಕ್ಷಣೆ ಇರಲಿಲ್ಲ. ಪಾಪ, ವರ್ಷದ ದುಡಿಮೆಯೆಲ್ಲ ಆ ಚೀಲಗಳಲ್ಲೇ ಇರುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಹಾಗಾಗಿ ರಫ್ತುದಾರರಿಗೆ ಮಾಲು ಕೊಡುವಾಗ, ನಿಷೇಧ ಬಂದರೆ ಲಾರಿ ವಾಪಸ್ ಬಾಡಿಗೆ, ಬಂದರಿನ ಗೋದಾಮು ಬಾಡಿಗೆ, ದರ ಕುಸಿತ ಯಾರ ತಲೆಗೆ ಎಂದು ಕರಾರಿನಲ್ಲೇ ಬರೆಸಿ. ಬಾಯಿಮಾತು ಬೇಡ. ಎಲ್ಲ ಒಮ್ಮೆಗೇ ಕಳಿಸದೆ, ಹಡಗಿನ ದಿನ ಗೊತ್ತಾದ ಮೇಲೆ ಕಂತಿನಲ್ಲಿ ಕಳಿಸಿ, ಕಂತಿಗೊಮ್ಮೆ ಹಣ ತೆಗೆದುಕೊಳ್ಳಿ. ಪ್ರತಿ ಕರಾರೂ ಬೇರೆ. ಸಹಿಗೆ ಮುಂಚೆ ನಿಮ್ಮ ಕಸ್ಟಮ್ಸ್ ಬ್ರೋಕರ್‌ಗೆ ತೋರಿಸುವುದು ಕ್ಷೇಮ. ಇಂಥ ಆದೇಶ ಹೊರಡಿಸುವ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲಿ ನೋಡುವಾಗ ನುಚ್ಚಿನ ಕೋಡ್ 1006 40 00ನ್ನೇ ನೋಡಿ. ಅಕ್ಕಿಯ ಕೋಡ್ 1006 30ರಿಂದ ಶುರು. ಅದರ ನಿಯಮ, ಸುಂಕ ಬೇರೆಯೇ ಇರಬಹುದು.